ತೆಂಗಿನ ಸುಳಿ ಮತ್ತು ಕುರುವಾಯಿ: ಒಂದು ಶತಮಾನದ ಕಾವಲು

ಕಾಸರಗೋಡಿನ ಇತಿಹಾಸ ಎಂದ ಕೂಡಲೆ ಬೇಕಲದ ಕೋಟೆ, ಕೆಳದಿಯ ನಾಯಕರು, ಕುಂಬಳೆಯ ಅರಸರು, 1956ರ ನವೆಂಬರ್ 1, ಇಷ್ಟು ಹೇಳಿ ಮುಗಿಸುವುದು ರೂಢಿ. ಇವೆಲ್ಲ ಬೇಕಾದ್ದೇ. ಆದರೆ ನಮ್ಮ ಒಲೆಗೆ ಸೌದೆ, ಸಾರಿಗೆ ಕಾಯಿ, ಮಾಡಿಗೆ ಮಡಲು, ಮಕ್ಕಳ ಶಾಲೆಗೆ ಫೀಸು ಒದಗಿಸಿದ ಮರಕ್ಕೂ ಒಂದು ಇತಿಹಾಸ ಇದೆ. ಆ ಮರವನ್ನು ಉಳಿಸಿಕೊಳ್ಳಲು ನಡೆದ ಹೋರಾಟಕ್ಕೂ ಇತಿಹಾಸ ಇದೆ. ಅದರಲ್ಲಿ ರಾಜರಿಲ್ಲ, ಸೇನಾಪತಿಗಳಿಲ್ಲ. ಒಂದು ಕೊಂಬಿನ ದುಂಬಿ, ಅದರ ಬೆನ್ನು ಹತ್ತಿದ ಕೆಲವು ಜನ, ಅಷ್ಟೆ. ಇವತ್ತಿನ ನನ್ನ ಮಾತು ಅದರ ಮೇಲೆ.

ಕನ್ನಡದವರೂ ತುಳುವಿನವರೂ ಈ ದುಂಬಿಯನ್ನು ಕುರುವಾಯಿ ಎನ್ನುತ್ತೇವೆ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಮಲಯಾಳದಲ್ಲಿ ಅದು ಕೊಂಬನ್ ಚೆಲ್ಲಿ. ಹೆಸರು ಯಾವುದಾದರೂ ಹುಳ ಒಂದೇ. ಹೆಬ್ಬೆರಳಿನಷ್ಟು ದಪ್ಪ, ಕಪ್ಪು ಕಂದು ಬಣ್ಣ, ತಲೆಯ ಮೇಲೆ ಖಡ್ಗಮೃಗದಂತೆ ಒಂದು ಕೊಂಬು. ಗಂಡಿಗೆ ಕೊಂಬು ಉದ್ದ, ಹೆಣ್ಣಿಗೆ ಗಿಡ್ಡ. ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಡುವಾಗ ಅವನಿಗೂ ನೆನಪಾದದ್ದು ಖಡ್ಗಮೃಗವೇ.

ಈ ಕೀಟದ ಸಂಸಾರದಲ್ಲಿ ಒಂದು ವಿಶೇಷ ಇದೆ. ಅದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಕುರುವಾಯಿ ಹುಟ್ಟುವ ಜಾಗ ಬೇರೆ, ತಿನ್ನುವ ಜಾಗ ಬೇರೆ. ಹೆಣ್ಣು ಮೊಟ್ಟೆ ಇಡುವುದು ಹಟ್ಟಿಗೊಬ್ಬರದ ಗುಂಡಿಯಲ್ಲಿ, ಕೊಳೆತ ಮರದ ಬೊಡ್ಡೆಯಲ್ಲಿ, ಕಸದ ರಾಶಿಯಲ್ಲಿ. ಮೊಟ್ಟೆ ಒಡೆದು ಬಂದ ಬೆಳ್ಳಗಿನ, ಡೊಂಕು ಮೈಯ ಹುಳ ಮೂರು ನಾಲ್ಕು ತಿಂಗಳು ಅಲ್ಲೇ ಕೊಳೆತದ್ದನ್ನು ತಿಂದು ಕೊಬ್ಬುತ್ತದೆ. ಅದು ಹಸಿ ಮರದ ತಂಟೆಗೆ ಹೋಗುವುದೇ ಇಲ್ಲ. ರೆಕ್ಕೆ ಬಂದ ಮೇಲೆ, ರಾತ್ರಿ ಹೊತ್ತು ಹಾರಿ ತೆಂಗಿನ ತಲೆಗೆ ಬರುತ್ತದೆ. ಗರಿಯ ಕಂಕುಳಿನಲ್ಲಿ ಇಳಿದು, ಇನ್ನೂ ಬಿಚ್ಚದ ಸುಳಿಯನ್ನು ಕೊರೆದು, ನಾರನ್ನು ಹೊರಗೆ ತಳ್ಳಿ, ರಸ ಹೀರುತ್ತದೆ. ಹೊಟ್ಟೆ ತುಂಬಿದ ಮೇಲೆ ಮೊಟ್ಟೆ ಇಡಲು ಮತ್ತೆ ನೆಲಕ್ಕೆ. ಅಂದರೆ ಮರಕ್ಕೆ ಅದು ನೆಂಟ, ಅದರ ಮನೆ ಇರುವುದು ಗುಂಡಿಯಲ್ಲಿ.

ಮಾವು, ಹಲಸಿನ ಮರದ ಗೆಲ್ಲನ್ನು ಹುಳ ಕೊರೆದರೆ ಬೇರೆ ಗೆಲ್ಲು ಚಿಗುರೀತು. ತೆಂಗಿಗೆ ಆ ಭಾಗ್ಯ ಇಲ್ಲ. ಅದಕ್ಕೆ ಇರುವುದು ಒಂದೇ ಸುಳಿ. ಸುಳಿಯ ಬುಡದ ಮೊಳಕೆಗೆ ಪೆಟ್ಟಾದರೆ ಮರ ಸತ್ತ ಹಾಗೆ. ಕಾಂಡಕ್ಕೆ ಆದ ಗಾಯವೂ ಬೇರೆ ಮರಗಳಲ್ಲಿ ಆದಂತೆ ತೊಗಟೆ ಬೆಳೆದು ಮುಚ್ಚುವುದಿಲ್ಲ, ಮರ ಇರುವ ತನಕ ಹಾಗೇ ಉಳಿಯುತ್ತದೆ. ಆದ್ದರಿಂದ ತೆಂಗನ್ನು ಕಾಯುವುದೆಂದರೆ ಗಾಯ ಆಗದಂತೆ ಕಾಯುವುದು. ಆದ ಮೇಲೆ ಮದ್ದು ಹುಡುಕುವುದಲ್ಲ.

ಕುರುವಾಯಿ ಬಂದು ಹೋದದ್ದನ್ನು ಮರವೇ ಬರೆದಿಡುತ್ತದೆ. ಮಡಚಿದ ಕಾಗದದ ಮೂಲೆ ಕತ್ತರಿಸಿ ಬಿಡಿಸಿದರೆ ಎರಡೂ ಕಡೆ ತೂತು ಕಾಣುತ್ತದಲ್ಲ, ಹಾಗೆ. ಸುಳಿ ಬಿಚ್ಚಿದಾಗ ಗರಿಯ ಎರಡು ಬದಿಯಲ್ಲೂ ಕತ್ತರಿಯಲ್ಲಿ ಕತ್ತರಿಸಿದಂಥ ಗುರುತು ಕಾಣುತ್ತದೆ. ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಡಲು ಬಿಡುತ್ತದೆ. ಒಳ್ಳೆಯ ಮರದ ತಲೆಯಲ್ಲಿ ಮೂವತ್ತರ ಮೇಲೆ ಮಡಲುಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ನೋಡಿಕೊಂಡು ಹೋದರೆ ಎರಡು ಎರಡೂವರೆ ವರ್ಷದ ಲೆಕ್ಕ ಅಲ್ಲಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅದು ಪಾಸುಬುಕ್ಕಿನ ಹಾಗೆ ಕಾಣುತ್ತದೆ. ಮುಂದೆ ನಾನು ಹೇಳುವ ವಿಜ್ಞಾನಿಗಳು ತಮ್ಮ ಉಪಾಯ ಫಲಿಸಿತೋ ಇಲ್ಲವೋ ಎಂದು ನೋಡಿದ್ದೂ ಹೀಗೆಯೇ, ಕತ್ತರಿ ಬಿದ್ದ ಗರಿಗಳನ್ನು ಎಣಿಸಿ.

ಹಿಂದಿನವರ ಹತ್ತಿರ ಇದ್ದ ಆಯುಧ ಒಂದು ಕಬ್ಬಿಣದ ಕೊಕ್ಕೆ. ಕಾಯಿ ಕೀಳಲು ಮರ ಹತ್ತಿದವರು ಹಾಗೇ ಇಳಿಯುತ್ತಿರಲಿಲ್ಲ. ಒಣಗಿದ ಮಡಲು, ಕೊತ್ತಳಿಗೆ, ಬಲೆ ಎಲ್ಲ ತೆಗೆದು ತಲೆ ಬಿಡಿಸಿ, ಸುಳಿಯ ಹತ್ತಿರ ಜಗಿದ ನಾರು ಕಂಡರೆ ತೂತಿಗೆ ಕೊಕ್ಕೆ ಹಾಕಿ ದುಂಬಿಯನ್ನು ಚುಚ್ಚಿ ಎಳೆದು ತೆಗೆಯುತ್ತಿದ್ದರು. ಆಮೇಲೆ ಕಂಕುಳಿಗೆ ಮರಳು, ಉಪ್ಪು ತುಂಬುವುದು. ಮರಳಿನ ಹರಳು ದುಂಬಿಯ ಕತ್ತಿನ ಸಂದಿಗೆ ಸಿಕ್ಕಿದರೆ ಅದಕ್ಕೆ ಕೊರೆಯಲು ಆಗುವುದಿಲ್ಲ. ಒಂದೊಂದು ಮರಕ್ಕೂ ವರ್ಷಕ್ಕೆ ಏಳೆಂಟು ಸಲ ಮನುಷ್ಯನ ಕಣ್ಣು ಬೀಳುತ್ತಿತ್ತು. ಆ ಕಣ್ಣೇ ಕಾವಲು.

ಈ ಕಾವಲು ಸಾಲದೆ ಬಂದದ್ದು ದೊಡ್ಡ ತೋಟಗಳ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಬೂನಿಗೆ, ಆಮೇಲೆ ಅಡುಗೆಯ ಕೊಬ್ಬಿಗೆ ಕೊಬ್ಬರಿ ಎಣ್ಣೆ ಬೇಕೆಂದು ಯುರೋಪಿನಲ್ಲಿ ಬೇಡಿಕೆ ಏರಿತು. ಸಿಲೋನ್, ಮಲಯ, ಪೆಸಿಫಿಕ್ ದ್ವೀಪಗಳಲ್ಲಿ ಸಾವಿರಾರು ಎಕರೆ ಕಾಡು ಕಡಿದು ತೆಂಗು ಇಟ್ಟರು. ಕಡಿದ ಮರದ ಬೊಡ್ಡೆಗಳು ಅಲ್ಲಲ್ಲೇ ಕೊಳೆತವು. ಹುಟ್ಟಲು ಬೊಡ್ಡೆ, ತಿನ್ನಲು ಎಳೆ ತೆಂಗು. ಕುರುವಾಯಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು? ಸಿಂಗಾಪುರದ ಸಸ್ಯೋದ್ಯಾನದ ಮುಖ್ಯಸ್ಥ ಹೆನ್ರಿ ರಿಡ್ಲಿ 1889ರಲ್ಲಿ ದುಂಬಿಗಳಿಂದ ತೆಂಗು ಸಾಯುವ ವಿಷಯವಾಗಿ ಸರಕಾರಕ್ಕೆ ವರದಿ ಕೊಟ್ಟ. ಮರುವರ್ಷ, 1890ರಲ್ಲಿ, ಅಲ್ಲಿನ ಬ್ರಿಟಿಷ್ ಸರಕಾರ ತೆಂಗಿನ ಮರಗಳ ರಕ್ಷಣೆಗೆಂದೇ ಕಾನೂನು ಮಾಡಿತು. ಸತ್ತ ಮರ, ಕೊಳೆಯುವ ಬೊಡ್ಡೆ ಇಟ್ಟುಕೊಂಡವನು ಅದನ್ನು ನಾಶ ಮಾಡಲೇಬೇಕು. ನನ್ನ ಜಾಗದ ಕಸ ನನ್ನ ಇಷ್ಟ ಎನ್ನುವ ಹಾಗಿಲ್ಲ. ಅದರಲ್ಲಿ ಹುಟ್ಟಿದ ದುಂಬಿ ನೆರೆಯವನ ಮರವನ್ನು ಕೊಲ್ಲುತ್ತದೆ ಎಂಬ ತಿಳಿವಳಿಕೆ ಕಾನೂನಿನ ಪುಸ್ತಕಕ್ಕೆ ಬಂದದ್ದು ಹೀಗೆ.

ನಮ್ಮ ದೇಶದಲ್ಲಿ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾಲಯದ ಸಿ. ಸಿ. ಘೋಷ್ 1911ರ ಸುಮಾರಿಗೆ ಕುರುವಾಯಿ ಮತ್ತು ಕೆಂಪು ಮೂತಿ ಹುಳಗಳ ಜೀವನಚರಿತ್ರೆ ಬರೆದರು. ಐದು ವರ್ಷಗಳ ಮೇಲೆ, 1916ರಲ್ಲಿ, ಮದ್ರಾಸ್ ಸರಕಾರ ತೆಂಗಿಗೆಂದೇ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಎಲ್ಲಿ? ನಮ್ಮಲ್ಲೇ. ಕಾಸರಗೋಡಿನಲ್ಲಿ ಒಂದು, ಪಿಲಿಕೋಡಿನಲ್ಲಿ ಒಂದು, ನೀಲೇಶ್ವರದಲ್ಲಿ ಎರಡು. ಆಗ ಇವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಊರುಗಳು. ತೆಂಗಿಗೆಂದು ಪ್ರಪಂಚದಲ್ಲೇ ಮೊದಲು ಆದ ಕೇಂದ್ರ ಇದು ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ದಿನಾ ಅದರ ಎದುರು ಹೋಗುತ್ತೇವೆ, ಬೋರ್ಡು ಓದುತ್ತೇವೆ, ಅಷ್ಟೆ. 1919ರಲ್ಲಿ ಮದ್ರಾಸ್ ಸರಕಾರ ಕೃಷಿ ಕೀಟ ಮತ್ತು ರೋಗಗಳ ಕಾನೂನನ್ನೂ ತಂದಿತು. ರೈತ ತನ್ನ ಬೆಳೆಯ ಕೀಟವನ್ನು ನಿವಾರಿಸದಿದ್ದರೆ ಸರಕಾರ ನಡುವೆ ಬರಬಹುದು ಎಂದಾಯಿತು. 1970ರಲ್ಲಿ ಕಾಸರಗೋಡಿನ ಆ ಕೇಂದ್ರವೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಜನರ ಬಾಯಲ್ಲಿ ಸಿಪಿಸಿಆರ್‌ಐ, ಆಯಿತು.

ಕುರುವಾಯಿ ನಮ್ಮ ಏಷ್ಯಾದ್ದೇ ಹುಳ. ಇಲ್ಲಿ ಅದನ್ನು ತಿನ್ನುವ, ಅದಕ್ಕೆ ರೋಗ ತರುವ ಜೀವಿಗಳೂ ಇವೆ. ಉಪದ್ರ ಕೊಡುತ್ತದೆ, ಆದರೆ ಊರಿಗೆ ಊರೇ ಬೋಳಾಗುವುದಿಲ್ಲ. ಅದರ ನಿಜವಾದ ಬಲ ಕಂಡದ್ದು ಶತ್ರುಗಳನ್ನು ಹಿಂದೆ ಬಿಟ್ಟು ಪರದೇಶಕ್ಕೆ ಹೋದಾಗ. 1909ರಲ್ಲಿ ಸಿಲೋನಿನಿಂದ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ರಬ್ಬರ್ ಸಸಿಗಳು ಹೋದವು. ಸಸಿಯ ಬುಡದ ಮಣ್ಣಿನೊಂದಿಗೆ ಕುರುವಾಯಿಯೂ ಹೋಯಿತು. ಸಮೋವಾ ಆಗ ಜರ್ಮನರ ಕೈಯಲ್ಲಿತ್ತು. ಆ ಜನಕ್ಕೆ ತೆಂಗೆಂದರೆ ಊಟ, ನೀರು, ಮನೆ, ಹಗ್ಗ, ಮಾರಾಟದ ಮಾಲು ಎಲ್ಲವೂ. ನಮಗಾದರೂ ಕಂಗು, ಭತ್ತ, ಕರಿಮೆಣಸು ಇದೆ. ಅವರಿಗೆ ತೆಂಗು ಹೋದರೆ ಉಳಿಯುವುದು ಸ್ವಲ್ಪವೇ.

ಜರ್ಮನ್ ಸರಕಾರ ಹಳ್ಳಿಗರೆಲ್ಲ ಹೊರಟು ದುಂಬಿ, ಹುಳ, ಮೊಟ್ಟೆ ಹುಡುಕಿ ತರಬೇಕೆಂದು ಕಡ್ಡಾಯ ಮಾಡಿತು. 1914ರಲ್ಲಿ ಯುದ್ಧ ಆರಂಭವಾಗಿ ನ್ಯೂಜಿಲೆಂಡಿನವರು ಆ ದ್ವೀಪ ಹಿಡಿದರು. ಧ್ವಜ ಬದಲಾಯಿತು, ಹುಳ ಹುಡುಕುವ ಆಜ್ಞೆ ಬದಲಾಗಲಿಲ್ಲ. ಜರ್ಮನಿಯ ಕೀಟಶಾಸ್ತ್ರಜ್ಞ ಕಾರ್ಲ್ ಫ್ರೀಡರಿಕ್ಸ್ ಅಲ್ಲಿ ಇನ್ನೊಂದು ದಾರಿ ನೋಡಿದ. ರಷ್ಯದ ಮೆಚ್ನಿಕಾಫ್ 1879ರಲ್ಲಿ ಗೋಧಿಯ ದುಂಬಿಯ ಮೇಲೆ ಕಂಡಿದ್ದ ಒಂದು ಹಸಿರು ಬೂಷ್ಟು ಇತ್ತು. ಹುಳಕ್ಕೆ ಹತ್ತಿದರೆ ಮೈಯೆಲ್ಲ ಹಸಿರು ಹುಡಿ ಬಳಿದಂತಾಗಿ ಹುಳ ಸಾಯುತ್ತದೆ. ಫ್ರೀಡರಿಕ್ಸ್ ಕೊಳೆತ ಸೊಪ್ಪಿನ ರಾಶಿ ಮಾಡಿ, ದುಂಬಿಗಳು ಅಲ್ಲಿಗೆ ಮೊಟ್ಟೆ ಇಡಲು ಬರುವಂತೆ ಮಾಡಿ, ರಾಶಿಗೆ ಈ ಬೂಷ್ಟು ಬೆರೆಸಿದ. ಹುಳ ಹುಟ್ಟುವ ಮನೆಯೇ ಹುಳಕ್ಕೆ ಮಸಣ. ಈ ಉಪಾಯ ಇಂದಿಗೂ ಇದೆ. ಆದರೆ ಬೂಷ್ಟಿಗೆ ತೇವ ಬೇಕು, ನೆರಳು ಬೇಕು. ತಾನಾಗಿ ದೂರಕ್ಕೆ ಹರಡುವುದೂ ಕಡಿಮೆ. ಸಮೋವಾದಲ್ಲಿ ಅದೊಂದೇ ಸಾಕಾಗಲಿಲ್ಲ.

ಸಮೋವಾದ ಸುತ್ತಲಿನ ದ್ವೀಪಗಳಿಗೂ ದುಂಬಿ ಹರಡಿತು. ಇಲ್ಲಿ ಎರಡು ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಟೊಂಗಾ ದೇಶದ ನಿಯುವಾಟೊಪುಟಪು ಎಂಬ ಪುಟ್ಟ ದ್ವೀಪಕ್ಕೆ ಕುರುವಾಯಿ ಬಂದದ್ದು 1921ರಲ್ಲಿ. ಅಲ್ಲಿನ ಜನ ವರ್ಷಗಟ್ಟಲೆ ಪಟ್ಟು ಬಿಡದೆ ಸತ್ತ ಮರ, ಬೊಡ್ಡೆ, ಕಸ ಎಲ್ಲವನ್ನೂ ಹುಡುಕಿ ನಾಶ ಮಾಡಿದರು. 1930ರ ಹೊತ್ತಿಗೆ ಆ ದ್ವೀಪದಲ್ಲಿ ಒಂದು ದುಂಬಿಯೂ ಉಳಿಯಲಿಲ್ಲ. ಮದ್ದು ಹಾಕಿ ಆದದ್ದಲ್ಲ, ಗುಡಿಸಿ ಆದದ್ದು. ಇನ್ನೊಂದು ಪಲಾವು ದ್ವೀಪಗಳು. ಅಲ್ಲಿಗೆ ದುಂಬಿ ಬಂದದ್ದು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಬಾಂಬು, ಗುಂಡಿಗೆ ಮರಗಳು ಸತ್ತು ಬಿದ್ದಿದ್ದವು. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಬೊಡ್ಡೆ ಸುಡಲು ಯಾರಿಗೆ ಪುರುಸೊತ್ತು? ಹತ್ತು ವರ್ಷ ತುಂಬುವುದರೊಳಗೆ ಪಲಾವಿನ ತೆಂಗಿನಲ್ಲಿ ಸುಮಾರು ಅರ್ಧದಷ್ಟು ಹೋಯಿತು. ಎರಡೂ ಕಡೆ ಒಂದೇ ಹುಳ, ಒಂದೇ ಮರ. ವ್ಯತ್ಯಾಸ ಇದ್ದದ್ದು ನೆಲದ ಮೇಲೆ.

ಯುದ್ಧ ಮುಗಿದ ಮೇಲೆ ವಿಷದ ಕಾಲ ಬಂತು. ಕೇರಳದ ಕಾಯಂಕುಳದ ತೆಂಗು ಕೇಂದ್ರದಲ್ಲಿ ಕೆ. ಕೆ. ನಿರುಲಾ ಮತ್ತು ಸಂಗಡಿಗರು 1950ರ ದಶಕದಲ್ಲಿ ಕುರುವಾಯಿಯ ಮೇಲೂ ಕೆಂಪು ಮೂತಿ ಹುಳದ ಮೇಲೂ ಆಳವಾದ ಅಧ್ಯಯನ ಮಾಡಿದರು. ಆ ಕಾಲದ ಸಲಹೆ ಮರಳಿನೊಂದಿಗೆ ಬಿ.ಎಚ್.ಸಿ. ಹುಡಿ ಬೆರೆಸಿ ಕಂಕುಳಿಗೆ ತುಂಬಬೇಕು, ಗೊಬ್ಬರಗುಂಡಿಗೂ ಹಾಕಬೇಕು ಎಂದು. ಅಗ್ಗದ ಹುಡಿ, ಬೇಗ ಕೆಲಸ. ಆದರೆ ಆ ಹುಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥದು, ಹಾಲಿಗೂ ಅನ್ನಕ್ಕೂ ಬರುವಂಥದು. 1997ರ ಏಪ್ರಿಲ್ 1ರಿಂದ ಭಾರತದಲ್ಲಿ ಅದು ನಿಷೇಧವಾಯಿತು. ವಿಷದ ವಿಚಾರದಲ್ಲಿ ಕಾಸರಗೋಡಿನವರಿಗೆ ಹೆಚ್ಚು ವಿವರಿಸುವ ಅಗತ್ಯ ಇಲ್ಲ. ನಮ್ಮ ಗುಡ್ಡದ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ತೆಂಗಿನ ದುಂಬಿಗಾಗಿ ಅಲ್ಲ, ಗೇರಿನ ಸೊಳ್ಳೆಗಾಗಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳಲ್ಲಿ ಆದದ್ದನ್ನು ಕಂಡವರು ಮರ ಉಳಿಸಲು ಮನುಷ್ಯನನ್ನು ಕಳೆಯಬಾರದು ಎಂಬುದನ್ನು ಪುಸ್ತಕ ಓದಿ ಕಲಿಯಬೇಕಾಗಿಲ್ಲ.

ವಿಷ ಇಲ್ಲದ ದಾರಿ ಒಂದು ಮಲಯದಲ್ಲಿ ಸಿಕ್ಕಿತು. ಸಮೋವಾದವರ ಸಂಕಟ ಪರಿಹರಿಸಲು ಅಂತಾರಾಷ್ಟ್ರೀಯ ಸಂಸ್ಥೆಗಳು ಹುಡುಕಾಟ ನಡೆಸುತ್ತಿದ್ದವು. ಕುರುವಾಯಿಗೆ ತವರಿನಲ್ಲಿ ಏನು ರೋಗ ಬರುತ್ತದೆ ನೋಡೋಣ ಎಂದು ಹೊರಟ ಜರ್ಮನ್ ವಿಜ್ಞಾನಿ ಅಲೋಯಿಸ್ ಹ್ಯೂಗರ್ 1963ರಲ್ಲಿ ಮಲಯದ ಗೊಬ್ಬರದ ರಾಶಿಗಳಲ್ಲಿ ಹೊಟ್ಟೆ ಉಬ್ಬಿ, ಮೈ ಮುತ್ತಿನಂತೆ ಪಾರದರ್ಶಕವಾಗಿ ಸತ್ತ ಹುಳಗಳನ್ನು ಕಂಡ. ಪರೀಕ್ಷಿಸಿದಾಗ ಕಾರಣ ಒಂದು ವೈರಸ್ ಎಂದು ಗೊತ್ತಾಯಿತು. ಮನುಷ್ಯನಿಗೆ, ದನಕರುಗಳಿಗೆ ಅದರಿಂದ ಬಾಧಕ ಇಲ್ಲ. 1967ರಲ್ಲಿ ಪಶ್ಚಿಮ ಸಮೋವಾದಲ್ಲಿ ಅದನ್ನು ಬಿಟ್ಟರು.

ಇದರ ಕೆಲಸದ ರೀತಿ ನೋಡಿ. ವೈರಸ್ ತಾಗಿದ ಮರಿಹುಳ ಸಾಯುತ್ತದೆ. ಬೆಳೆದ ದುಂಬಿ ಕೂಡಲೇ ಸಾಯುವುದಿಲ್ಲ, ಹೊಟ್ಟೆಯಲ್ಲಿ ರೋಗ ಹೊತ್ತು ಕೆಲವು ವಾರ ಹಾರಾಡಿಕೊಂಡಿರುತ್ತದೆ. ತಿನ್ನುವುದು ಕಡಿಮೆ, ಮೊಟ್ಟೆ ಇಡುವುದೂ ಕಡಿಮೆ. ಆದರೆ ಹೋದ ಹೋದ ಗುಂಡಿಯಲ್ಲಿ, ಸೇರಿದ ಜೋಡಿಯಲ್ಲಿ ರೋಗ ಹರಡುತ್ತದೆ. ನಾವು ಎಷ್ಟು ಹುಡುಕಿದರೂ ಸಿಗದ ಬೊಡ್ಡೆಯನ್ನು ದುಂಬಿಯೇ ಹುಡುಕಿಕೊಂಡು ಹೋಗಿ ಅಲ್ಲಿಗೆ ಮದ್ದು ತಲುಪಿಸುತ್ತದೆ. ಸಮೋವಾದಲ್ಲಿ ಐವತ್ತು ವರ್ಷ ಆಜ್ಞೆಯಿಂದ ಆಗದ್ದು ಕೆಲವೇ ವರ್ಷಗಳಲ್ಲಿ ಆಯಿತು. ಹೊಸ ಗರಿಗಳಲ್ಲಿ ಕತ್ತರಿಯ ಗುರುತು ಕಡಿಮೆಯಾಯಿತು. ಫಿಜಿ, ಟೊಂಗಾ, ಮಾರಿಷಸ್‌ಗಳಿಗೂ ವೈರಸ್ ಹೋಯಿತು.

ನಮ್ಮ ಸಂಸ್ಥೆಯವರೂ ಹಿಂದೆ ಉಳಿಯಲಿಲ್ಲ. ಕೇರಳದ ದುಂಬಿಗಳಲ್ಲಿ ಈ ರೋಗ ಇರುವುದನ್ನು ಗುರುತಿಸಿ, 1983ರಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ರೋಗ ತಾಗಿದ ದುಂಬಿಗಳನ್ನು ಬಿಟ್ಟರು. ಅಲ್ಲಿನವರಿಗೂ ಸಮೋವಾದವರಂತೆ ತೆಂಗೇ ಆಧಾರ. ಗರಿಗಳ ಗಾಯ ವರ್ಷದಿಂದ ವರ್ಷಕ್ಕೆ ಇಳಿಯಿತು. 1980ರ ದಶಕದ ಕೊನೆಗೆ ಆಂಡ್ರೋತ್ ದ್ವೀಪದಲ್ಲೂ ಹೀಗೇ ಮಾಡಿದರು. ಹೆಕ್ಟೇರಿಗೆ ಹತ್ತು ಹದಿನೈದು ದುಂಬಿ ಬಿಟ್ಟರೆ ಸಾಕು ಎಂಬುದು ಸಂಸ್ಥೆಯ ಸಲಹೆ. ಫ್ರೀಡರಿಕ್ಸನ ಹಸಿರು ಬೂಷ್ಟನ್ನು ತೆಂಗಿನ ನೀರಿನಲ್ಲೇ ಬೆಳೆಸಿ ಗೊಬ್ಬರಗುಂಡಿಗೆ ಹಾಕುವ ಕ್ರಮವನ್ನೂ ಅವರು ರೂಢಿಗೆ ತಂದರು. ಕೊಬ್ಬರಿ ಮಾಡುವಾಗ ಚೆಲ್ಲಿಹೋಗುವ ನೀರಿಗೆ ಒಂದು ಉಪಯೋಗವಾಯಿತು.

ಕುರುವಾಯಿ ಮಾಡಿದ ತೂತಿನಿಂದ ಒಳಗೆ ಬರುವ ಇನ್ನೊಬ್ಬ ಇದ್ದಾನೆ. ಅದೇ ಕೆಂಪು ಮೂತಿ ಹುಳ, ಮಲಯಾಳದ ಚೆಂಬನ್ ಚೆಲ್ಲಿ. ಇದರ ಸ್ವಭಾವ ತದ್ವಿರುದ್ಧ. ದುಂಬಿಗಿಂತ ಮರಿ ಅಪಾಯ. ಹಸಿ ಮರದ ಗಾಯದಲ್ಲಿ ಮೊಟ್ಟೆ ಇಡುತ್ತದೆ, ಮರಿಗಳು ಕಾಂಡದ ಒಳಗನ್ನೇ ತಿಂದು ಟೊಳ್ಳು ಮಾಡುತ್ತವೆ. ಹೊರಗೆ ಕಂದು ರಸ ಒಸರುವುದು, ಕಾಂಡಕ್ಕೆ ಕಿವಿ ಕೊಟ್ಟರೆ ಜಗಿಯುವ ಸದ್ದು ಕೇಳುವುದು, ಇವು ಗುರುತು. ಎಷ್ಟೋ ಸಲ ತಲೆ ಮುರಿದು ಬಿದ್ದ ಮೇಲೆಯೇ ಗೊತ್ತಾಗುವುದು. ಹತ್ತಲಿಕ್ಕೆಂದು ಕಾಂಡದಲ್ಲಿ ಕಚ್ಚು ಹಾಕಿದರೆ, ಹಸಿ ಮಡಲನ್ನು ಬುಡಕ್ಕೇ ಕಡಿದರೆ ಈ ಹುಳಕ್ಕೆ ಬಾಗಿಲು ತೆರೆದ ಹಾಗೆ.

ನಮ್ಮ ಊರಿನ ಜನ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋದ ಕಾಲದಲ್ಲೇ ಈ ಹುಳವೂ ಅಲ್ಲಿಗೆ ಮುಟ್ಟಿತು. 1980ರ ದಶಕದ ಮಧ್ಯದಲ್ಲಿ ಅಮೀರರ ದೇಶದಲ್ಲಿ, ಬಳಿಕ ಸೌದಿಯಲ್ಲಿ ಖರ್ಜೂರದ ಮರಗಳಿಗೆ ಹಿಡಿಯಿತು. ಜನರ ಚೀಲದಲ್ಲಿ ಹೋದದ್ದಲ್ಲ, ಮಾರಾಟಕ್ಕೆ ಸಾಗಿಸಿದ ತಾಳೆ ಜಾತಿಯ ಗಿಡಗಳ ಒಳಗೆ ಹೋದದ್ದು. 1992ರಲ್ಲಿ ಈಜಿಪ್ಟ್, ಅಲ್ಲಿಂದ ಅಲಂಕಾರಕ್ಕೆಂದು ತರಿಸಿದ ಬೆಳೆದ ಮರಗಳ ಮೂಲಕ ಸ್ಪೇನ್, ಮುಂದೆ ಇಟಲಿ, ಫ್ರಾನ್ಸ್. ರಸ್ತೆ ಬದಿಯಲ್ಲಿ, ಪಾರ್ಕಿನಲ್ಲಿ, ಸಮುದ್ರದ ದಂಡೆಯಲ್ಲಿ ಚಂದಕ್ಕೆ ನೆಟ್ಟ ಮರಗಳು ಸಾಲುಸಾಲಾಗಿ ತಲೆ ಬಾಗಿದವು. 1993ರಲ್ಲಿ ವಿಜ್ಞಾನಿಗಳು ಈ ಹುಳ ತನ್ನವರನ್ನು ಕರೆಯುವ ವಾಸನೆಯನ್ನು ಪತ್ತೆ ಮಾಡಿದರು. ಅದನ್ನು ಬಕೆಟಿನಲ್ಲಿಟ್ಟು ಹುಳ ಹಿಡಿಯುವ ಬೋನು ಇಂದು ನಮ್ಮ ತೋಟದಲ್ಲೂ ಇದೆ, ಅರಬರ ತೋಟದಲ್ಲೂ ಇದೆ. ಕುರುವಾಯಿಗೂ ಅಂಥದೇ ವಾಸನೆಯ ಬೋನು ಆಯಿತು.

ಇನ್ನು ಕಥೆ ಮುಗಿಯಿತು, ವೈರಸ್ ಗೆದ್ದಿತು ಎಂದುಕೊಂಡಿರುವಾಗ 2007ರಲ್ಲಿ ಅಮೆರಿಕದವರ ಗುವಾಮ್ ದ್ವೀಪದಲ್ಲಿ ಕುರುವಾಯಿ ಕಾಣಿಸಿತು. ಇದು ಬೇರೊಂದು ತಳಿ. ಪೆಸಿಫಿಕ್‌ನಲ್ಲಿ ನಲವತ್ತು ವರ್ಷ ಕಾಪಾಡಿದ ಆ ವೈರಸ್ ಇದಕ್ಕೆ ನಾಟುವುದಿಲ್ಲ. 2013ರಲ್ಲಿ ಹವಾಯಿ, 2015ರಲ್ಲಿ ಸೊಲೊಮನ್ ದ್ವೀಪಗಳ ಹೊನಿಯಾರಾ. ಹವಾಯಿಯ ಪೇಟೆಗಳಲ್ಲಿ ತೆಂಗನ್ನು ಹೆಚ್ಚಾಗಿ ಕಾಯಿಗೆಂದು ಇಟ್ಟದ್ದಲ್ಲ. ಹೋಟೆಲು, ಪಾರ್ಕು, ರಸ್ತೆಗಳ ಶೋಭೆಗೆ ಇಟ್ಟದ್ದು. ಜನರ ತಲೆಗೆ ಬೀಳಬಾರದೆಂದು ಕಾಯಿಯನ್ನು ಎಳತಿನಲ್ಲೇ ಕಡಿದು ಹಾಕುತ್ತಾರೆ. ಅಲ್ಲಿ ಹುಳ ಬೆಳೆದದ್ದು ಕಡಿದ ಹುಲ್ಲು, ಗೆಲ್ಲು, ಗರಿಗಳ ರಾಶಿಯಲ್ಲಿ. ಗುವಾಮ್‌ನಲ್ಲಿ 2015ರ ಮೇ ತಿಂಗಳಲ್ಲಿ ಡಾಲ್ಫಿನ್ ಎಂಬ ಚಂಡಮಾರುತ ಬೀಸಿ ಮರಗಳು ಉರುಳಿದವು. ಬಿದ್ದದ್ದು ಬಿದ್ದಲ್ಲೇ ಕೊಳೆಯಿತು. ಮುಂದೆ ಆದದ್ದನ್ನು ಪಲಾವಿನ ಕಥೆ ಕೇಳಿದ ನೀವೇ ಊಹಿಸಬಹುದು. ಎಪ್ಪತ್ತು ವರ್ಷ ಕಳೆದು, ಅಷ್ಟು ವಿಜ್ಞಾನ ಬೆಳೆದ ಮೇಲೂ, ಕುರುವಾಯಿಯ ಹಣೆಬರಹ ನಿರ್ಧಾರವಾಗುವುದು ಬೊಡ್ಡೆಯಲ್ಲೇ.

ಈಗ ನಮ್ಮ ತೋಟಗಳಿಗೆ ಬರೋಣ. ಮನೆಯ ಯುವಕರು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಹಿತ್ತಿಲಿನ ಹತ್ತಿಪ್ಪತ್ತು ಮರಕ್ಕೆ ಹತ್ತುವವರು ಸಿಗುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿ ಆರಂಭಿಸಿ ಹುಡುಗರು, ಹೆಂಗಸರು ಕೂಡ ಕಲಿಯುವಂತೆ ಮಾಡಿತು. ಒಳ್ಳೆಯ ಕೆಲಸ. ಆದರೂ ಹಿಂದೆ ವರ್ಷಕ್ಕೆ ಏಳೆಂಟು ಸಲ ಬೀಳುತ್ತಿದ್ದ ಕಣ್ಣು ಇಂದು ಎರಡೋ ಮೂರೋ ಸಲ ಬೀಳುತ್ತದೆ. ಬಿದ್ದ ಕಾಯಿ ಹೆಕ್ಕಿದರೆ ಸಾಕು ಎಂದು ಬಿಟ್ಟ ತೋಟಗಳೂ ಇವೆ. ಸಿಡಿಲಿಗೆ ಸತ್ತ ಮರ ನಿಂತಲ್ಲೇ ನಿಂತಿರುತ್ತದೆ. ಕೇಳಿದರೆ, ನಮ್ಮದು ಹೇಗೂ ಹೋಯಿತು ಬಿಡಿ, ಎನ್ನುತ್ತಾರೆ. ಅವರದು ಹೋದದ್ದು ಸರಿ. ಆದರೆ ಆ ಒಂದು ಕೊಳೆತ ಕಾಂಡದಿಂದ ಮುಂದಿನ ಮಳೆಗಾಲದಲ್ಲಿ ಹಾರುವ ದುಂಬಿಗಳು ಬೇಲಿ ನೋಡಿ ನಿಲ್ಲುವುದಿಲ್ಲ. ಒಂದು ಹೆಣ್ಣು ಐವತ್ತಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅರ್ಧ ಸತ್ತರೂ ಉಳಿದದ್ದರ ಲೆಕ್ಕ ಚಕ್ರಬಡ್ಡಿಯ ಲೆಕ್ಕ. ಸಾಲ ಮಾಡಿದವನೊಬ್ಬ, ಬಡ್ಡಿ ಕಟ್ಟುವವನು ನೆರೆಯವನು.

ಮಾಡಬೇಕಾದ್ದು ಬಹಳ ದೊಡ್ಡ ಕೆಲಸವಲ್ಲ. ಸತ್ತ ಮರವನ್ನು ಕಡಿದು ಸೌದೆ ಮಾಡಿ, ಬೊಡ್ಡೆಯನ್ನು ಕಿತ್ತು ಸುಡಿ. ಹಟ್ಟಿಗೊಬ್ಬರ ಎತ್ತುವಾಗ ಸಿಕ್ಕಿದ ಬಿಳಿ ಹುಳಗಳನ್ನು ಹೆಕ್ಕಿ ಕೋಳಿಗೆ ಹಾಕಿ. ಉಳಿದದ್ದಕ್ಕೆ ಹಸಿರು ಬೂಷ್ಟಿನ ಮದ್ದು ಬೆರೆಸಿ. ಗುಡ್ಡದ ಬದಿಯಲ್ಲಿ ಬೆಳೆಯುವ, ಮಲಯಾಳದಲ್ಲಿ ಪೆರುವಲಂ ಎನ್ನುವ ಗಿಡವನ್ನು ಬುಡಸಮೇತ ಗೊಬ್ಬರಕ್ಕೆ ಸೇರಿಸಿದರೆ ಮರಿಹುಳ ಸರಿಯಾಗಿ ಬೆಳೆಯುವುದಿಲ್ಲ. ಕಾಲು ಕಿಲೋ ಬೇವಿನ ಹಿಂಡಿಗೆ ಅಷ್ಟೇ ಮರಳು ಸೇರಿಸಿ ವರ್ಷಕ್ಕೆ ಮೂರು ಸಲ ಮೇಲಿನ ಮೂರು ಕಂಕುಳಿಗೆ ತುಂಬಿ. ಎಳೆ ಗಿಡಗಳಿಗಂತೂ ಇದು ಬೇಕೇ ಬೇಕು, ಅವುಗಳ ಸುಳಿ ಬೇಗ ಸಾಯುತ್ತದೆ. ಹಸಿ ಮಡಲು ಕಡಿಯುವುದಿದ್ದರೆ ಕಾಂಡದಿಂದ ನಾಲ್ಕು ಅಡಿ ಬಿಟ್ಟು ಕಡಿಯಿರಿ. ಬೋನು ಇಡುವುದಾದರೆ ಊರಿನವರೆಲ್ಲ ಸೇರಿ ಇಡಿ. ಒಬ್ಬನೇ ಇಟ್ಟರೆ ಊರಿನ ಹುಳಗಳನ್ನೆಲ್ಲ ತನ್ನ ತೋಟಕ್ಕೆ ಕರೆದ ಹಾಗಾದೀತು.

ಈ ನೂರು ವರ್ಷಗಳಲ್ಲಿ ಕಾನೂನು ಬಂತು, ವಿಷ ಬಂತು, ಬೂಷ್ಟು, ವೈರಸ್, ವಾಸನೆಯ ಬೋನು ಎಲ್ಲ ಬಂತು. ಒಂದೊಂದಕ್ಕೂ ಅದರದರ ಕಾಲ, ಅದರದರ ಮಿತಿ. ಯಾವ ಕಾಲದಲ್ಲೂ ಸುಳ್ಳಾಗದೆ ಉಳಿದ ಪಾಠ ಒಂದೇ: ಮರದ ತಲೆಯನ್ನು ಕಾಯುವ ಕೆಲಸ ನೆಲದಿಂದ ಶುರುವಾಗುತ್ತದೆ, ಮತ್ತು ಅದು ಒಬ್ಬನಿಂದ ಮುಗಿಯುವುದಿಲ್ಲ. ನಿಯುವಾಟೊಪುಟಪುವಿನ ಜನರ ಹತ್ತಿರ ನಮ್ಮಷ್ಟು ಮದ್ದೂ ಇರಲಿಲ್ಲ, ಸಂಶೋಧನಾಲಯವೂ ಇರಲಿಲ್ಲ. ಅವರು ಗೆದ್ದರು. ನಮಗೆ ಬಸ್ಸಿನ ದಾರಿಯಲ್ಲೇ ಸಂಶೋಧನಾಲಯ ಇದೆ. ನಮ್ಮ ಹಿತ್ತಿಲಿನ ಸತ್ತ ಮರವನ್ನು ಮಾತ್ರ ನಾವೇ ಕಡಿಯಬೇಕು, ಈ ಮಳೆಗಾಲಕ್ಕೆ ಮುಂಚೆ.